ಸಿಮಿಯುವಿಗೊಂದು ರೋಸ್ಟ್

ಎಲ್ಲ ಹಾಳಾದದ್ದು ಒಂದು ಮಾತಿನಿಂದ. ಶುಕ್ರವಾರ ಬೆಳಗ್ಗೆ ಪರವಾನಗಿ ಕಚೇರಿಯ ಮೆಟ್ಟಿಲ ಮೇಲೆ ಮುಥೋನಿ ಮೇಡಂ ಸಿಮಿಯುವನ್ನು ನಿಲ್ಲಿಸಿ, "ವರ್ಗ ಆಗಿ ಹೋಗ್ತಿದೀರಲ್ಲ, ಇವತ್ತು ಸಂಜೆ ನಿಮಗೊಂದು ರೋಸ್ಟ್ ಇಟ್ಕೊಂಡಿದೀವಿ. ಬೇಕಾದೋರನ್ನ ಕರ್ಕೊಂಡು ಬನ್ನಿ" ಎಂದರು.

ಇಂಗ್ಲಿಷ್ ಕೂಟಗಳ ಹೆಸರೆಲ್ಲ ಸಿಮಿಯುವಿಗೆ ಬಾಯಿಪಾಠ. ಟೀ ಪಾರ್ಟಿ ಎಂದರೆ ಬಿಸ್ಕತ್ತು. ಗೆಟ್-ಟುಗೆದರ್ ಎಂದರೆ ಬರೀ ಸೋಡಾ. ರಿಸೆಪ್ಶನ್ ಎಂದರೆ ಅನ್ನ, ಕೋಳಿ, ಜೊತೆಗೆ ಉದ್ದದ ಸಾಲು. ಫಂಡ್‌ರೈಸಿಂಗ್ ಎಂದರೆ ಜ್ವರವೆಂದು ಮನೆಯಲ್ಲೇ ಮಲಗುವುದು. ವರ್ಗವಾದವರಿಗೆ ಕೊಡುವುದು ಸೆಂಡ್-ಆಫ್. ಅದರಲ್ಲಿ ಒಂದು ಗೋಡೆ ಗಡಿಯಾರ ಸಿಗುತ್ತದೆ. ಆದರೆ ರೋಸ್ಟ್! ಇದುವರೆಗೆ ಆ ಕಚೇರಿಯಲ್ಲಿ ಯಾರಿಗೂ ರೋಸ್ಟ್ ಆದದ್ದಿಲ್ಲ. ಮೇಡಂ ಲಂಡನ್ನಿನಲ್ಲಿ ಓದಿ ಬಂದವರು. ಇಡೀ ಮೇಕೆಯನ್ನೇ ಕೆಂಡದ ಮೇಲೆ ಇಡಿಸುವ ದೊಡ್ಡ ಕೈ ಅಂಥವರದ್ದೇ ಇರಬೇಕು.

ಆದರೂ ಪಕ್ಕದ ಮೇಜಿನ ಒಡುವೊರ್‌ನನ್ನು ಕೇಳಿದ. "ರೋಸ್ಟ್ ಅಂದ್ರೆ ಹೇಗಿರತ್ತೆ?"

ಒಡುವೊರ್ ಕಣ್ಣು ಮಿಟುಕಿಸಿದ. "ಗಟ್ಟಿ ಹೊಟ್ಟೆ ಇಟ್ಕೊಂಡು ಬಾರಯ್ಯ. ಸುಲಭಕ್ಕೆ ಜೀರ್ಣ ಆಗಲ್ಲ. ಮೊದಲು ಕೈ ಹಾಕೋನೇ ನಾನು."

ಸಿಮಿಯು ಆ ಮಧ್ಯಾಹ್ನ ಊಟದ ಉಗಾಲಿ ಮುದ್ದೆ ಮುಟ್ಟಲಿಲ್ಲ. ಯಾಕೆಂದು ಕೇಳಿದ ಬಾಡಿಗೆ ಮನೆಯ ಒಡತಿ ಸೆಲೀನಾಳಿಗೆ ಸುದ್ದಿ ಹೇಳಿದ. ಅದೇ ಅವನು ಮಾಡಿದ ಎರಡನೆಯ ತಪ್ಪು.

ಸೆಲೀನಾಳ ಅಣ್ಣ ಬರಾಸಾನ ಮಗಳು ನಾಫುಲಾಳನ್ನು ಸಿಮಿಯುವಿಗೆ ಕೊಡುವ ಮಾತು ಒಂದು ವರ್ಷದಿಂದ ಎಳೆಯುತ್ತಿತ್ತು. ನಾಫುಲಾ ಒಪ್ಪಿದ್ದಳು. ಅವಳು ನಕ್ಕರೆ ಸಿಮಿಯು ಎರಡು ದಿನ ಪೆನ್ನಿನ ಮುಚ್ಚಳ ಹಾಕುವುದನ್ನೇ ಮರೆಯುತ್ತಿದ್ದ. ಬರಾಸಾ ಮಾತ್ರ, "ಮೂವತ್ತಾರಾದ್ರೂ ಒಂಟಿ. ಏನೋ ಐಬಿರಬೇಕು" ಎಂದು ತಲೆ ಕೆರೆದುಕೊಳ್ಳುತ್ತಿದ್ದ.

"ಅಣ್ಣನ್ನೂ ಕರೆಸ್ತೀನಿ!" ಎಂದು ಸೆಲೀನಾ ಫೋನು ಎತ್ತಿದಳು. "ಕಚೇರಿಯೋರು ನಿಂಗೆ ಮೇಕೆ ಕಡಿಯೋದನ್ನ ಕಣ್ಣಾರೆ ನೋಡ್ಲಿ. ಇವತ್ತೇ ಹ್ಞೂಂ ಅಂತಾನೆ."

"ಅಕ್ಕ, ಬೇಡ..."

"ನೀನು ಸುಮ್ನಿರು. ಸುಮ್ನಿದ್ದೂ ಸುಮ್ನಿದ್ದೂ ಮದ್ವೆ ವಯಸ್ಸು ಕಳ್ಕೊಂಡೆ."

ಸಂಜೆ ಬರಾಸಾ ತನ್ನಿಬ್ಬರು ತಮ್ಮಂದಿರೊಡನೆ ಮತಾಟು ವ್ಯಾನಿನಿಂದ ಇಳಿದ. ಮೂವರೂ ಬೆಳಗಿನ ಗಂಜಿಯ ಮೇಲೆ ಏನೂ ತಿಂದಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. ಹೊಗೆಯ ವಾಸನೆ ಇಲ್ಲ. ಮೇಜಿನ ಮೇಲೆ ಚಹಾದ ಫ್ಲಾಸ್ಕು, ಒಂದು ತಟ್ಟೆ ಮಂದಾಜಿ. ಅದೂ ಬೆಳಗ್ಗೆ ಕರಿದದ್ದು, ಎಸೆದರೆ ನಾಯಿ ಓಡಿಹೋಗುವಷ್ಟು ಗಟ್ಟಿ.

"ಮೇಕೆ ಹಿಂದುಗಡೆ ಇರ್ಬೇಕು" ಎಂದಳು ಸೆಲೀನಾ.

ಸಿಮಿಯುವನ್ನು ಎಲ್ಲರ ಮುಂದೆ ಒಂಟಿ ಕುರ್ಚಿಯಲ್ಲಿ ಕೂರಿಸಿದರು. ಒಡುವೊರ್ ಎದ್ದು ಗಂಟಲು ಸರಿಮಾಡಿಕೊಂಡ.

"ಇವನು ಎಂಥಾ ಜಿಪುಣ ಅಂದ್ರೆ, ಚಹಾಕ್ಕೆ ಸಕ್ಕರೆ ಹಾಕಿ ಕದಡೋದೇ ಇಲ್ಲ. ಕೊನೇ ಗುಟುಕು ಸಿಹಿಯಾಗಿದ್ರೆ ಸಾಕಂತೆ! ನಾನೂ ಇವನೂ ಒಂದೇ ದಿನ ಕೆಲಸಕ್ಕೆ ಸೇರಿದ್ವಿ. ನಾನು ಕಾರಲ್ಲಿ ಬರ್ತೀನಿ. ಇವನು ಸೈಕಲ್ ತಳ್ಕೊಂಡು ಬರ್ತಾನೆ. ಹತ್ತಿದ್ರೆ ಸವೆಯತ್ತೆ ನೋಡಿ!"

ಜನ ಮೇಜು ಬಡಿದು ನಕ್ಕರು. ಸಿಮಿಯುವಿಗೆ ಆಗ ಗೊತ್ತಾಯಿತು, ಕೆಂಡದ ಮೇಲೆ ಇಟ್ಟಿರುವುದು ಯಾರನ್ನೆಂದು.

ಟೈಪಿಸ್ಟ್ ಎದ್ದು, ಅವನು ಹುಡುಗಿಯರೆದುರು ಮಾತಾಡುವಾಗ ಗೋಡೆ ನೋಡುತ್ತಾನೆಂದಳು. ಡ್ರೈವರ್ ಎದ್ದು, ನಾಯಿ ಬೊಗಳಿದರೆ ಅದಕ್ಕೂ "ಸರ್" ಅನ್ನುತ್ತಾನೆಂದ. ತನ್ನ ಹೋದ ವರುಷಗಳನ್ನು ಯಾರೋ ಒಗೆಯದ ಬಟ್ಟೆಯಂತೆ ಬೀದಿಯಲ್ಲಿ ಹರವಿದಂತಾಯಿತು ಸಿಮಿಯುವಿಗೆ. ಕಷ್ಟವೆಂದರೆ, ಒಂದೂ ಸುಳ್ಳಲ್ಲ. ಇಷ್ಟು ದಿನ ತನ್ನನ್ನು ಯಾರೂ ಗಮನಿಸುತ್ತಿಲ್ಲವೆಂದು ಕೊರಗಿದ್ದ. ಎಲ್ಲರೂ ಗಮನಿಸಿಯೇ ಇದ್ದರು.

ಹೆದರುತ್ತ ಬರಾಸಾನ ಕಡೆ ನೋಡಿದ. ಮುದುಕ ಹೊಟ್ಟೆ ಹಿಡಿದು ನಗುತ್ತಿದ್ದ!

"ಜಿಪುಣನಾದ್ರೆ ಒಳ್ಳೇದೇ, ದುಡ್ಡು ನಿಲ್ಲತ್ತೆ" ಎಂದು ತಮ್ಮನ ಕಿವಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಪುಕ್ಕಲ ಆದ್ರೂ ಒಳ್ಳೇದೇ, ಹೆಂಡತಿ ಮೇಲೆ ಕೈ ಎತ್ತಲ್ಲ. ಇಷ್ಟೇನಾ ಇವನ ಐಬು? ನಾನು ಏನೇನೋ ಅಂದ್ಕೊಂಡಿದ್ದೆ."

ಸೆಲೀನಾ ಸಿಮಿಯುವಿನತ್ತ ಹೆಬ್ಬೆರಳು ಎತ್ತಿದಳು. ಅವನ ಎದೆ ಹಗುರಾಯಿತು. ಬೈಸಿಕೊಂಡಾದರೂ ಮದುವೆಯಾಗಲಿ! ನಾಫುಲಾಳಿಗೆ ಇದನ್ನು ಹೇಗೆ ಹೇಳಿ ನಗಿಸಬೇಕೆಂದು ಆಗಲೇ ಮಾತು ಜೋಡಿಸತೊಡಗಿದ.

ಕೊನೆಗೆ ಮುಥೋನಿ ಮೇಡಂ ಎದ್ದರು. "ರೋಸ್ಟ್‌ನ ಪದ್ಧತಿ ಅಂದ್ರೆ, ಹೀಗೆ ಗೋಳು ಹೊಯ್ದುಕೊಂಡ ಮೇಲೆ ಕೊನೇಲಿ ಒಂದು ನಿಜವಾದ ಹೊಗಳಿಕೆ ಹೇಳ್ಬೇಕು." ಅವರ ದನಿ ಮೆತ್ತಗಾಯಿತು. "ಈ ಕಚೇರಿ ಎಂಥದ್ದು ಅಂತ ಊರಿಗೇ ಗೊತ್ತು. ಇಲ್ಲಿ ಕೂತು, ಇಷ್ಟು ವರ್ಷದಲ್ಲಿ ಸಿಮಿಯು ಪರವಾನಗಿಗೆ ಬಂದ ಯಾರ ಹತ್ರಾನೂ ಒಂದು ಕಪ್ ಚಹಾ ಕೂಡ ಕುಡಿದಿಲ್ಲ. ಮುಂದೆಯೂ ಕುಡಿಯೋರಲ್ಲ."

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಒಡುವೊರ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಸಿಮಿಯುವಿನ ಕಣ್ಣು ಒದ್ದೆಯಾಯಿತು. ಒರೆಸಿಕೊಂಡು ನೋಡಿದರೆ, ಬರಾಸಾ ನಗು ನಿಲ್ಲಿಸಿದ್ದ. ಟೋಪಿ ಹಾಕಿಕೊಂಡು, ತಮ್ಮಂದಿರನ್ನು ಎಬ್ಬಿಸಿ, ಬಾಗಿಲ ಕಡೆ ನಡೆದಿದ್ದ.

ಸಿಮಿಯು ಓಡಿಹೋಗಿ ಅಡ್ಡ ನಿಂತ. "ಯಜಮಾನ್ರೇ, ಏನಾಯ್ತು?"

"ಅವ್ರು ಹೇಳಿದ್ದು ತಮಾಷೆನೋ, ನಿಜಾನೋ?"

"ನಿಜ."

"ಒಂದ್ಸಲಾನೂ ಇಲ್ವಾ?"

"ಇಲ್ಲ."

ಬರಾಸಾ ನಿಟ್ಟುಸಿರು ಬಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈಯಲ್ಲಿ ಸಿಟ್ಟಿರಲಿಲ್ಲ. ಸಾವಿನ ಮನೆಯಲ್ಲಿ ಇಡುವಂಥ ಕೈ.

"ನೀನು ಒಳ್ಳೇ ಮನುಷ್ಯ ಕಣಪ್ಪ. ಇಂಥಾ ಕುರ್ಚೀಲಿ ಕೂತೂ ಸೈಕಲ್ ತಳ್ಕೊಂಡು ಬರೋನಿಗೆ ನಾನು ಮಗಳನ್ನ ಹೇಗೆ ಕೊಡ್ಲಿ? ನಾಳೆ ಅವಳ ಮಕ್ಕಳು ಒಳ್ಳೇತನ ತಿಂತಾವಾ?"

ಮಧ್ಯಾಹ್ನದಿಂದ ಖಾಲಿಯಿದ್ದ ಸಿಮಿಯುವಿನ ಹೊಟ್ಟೆ ಗುಡುಗಿತು.

ಬರಾಸಾ ಎರಡು ಹೆಜ್ಜೆ ಹೋದವನು ತಿರುಗಿ ಬಂದ. ಸಭಾಂಗಣದೊಳಗೆ ಒಮ್ಮೆ ಇಣುಕಿ, ದನಿ ತಗ್ಗಿಸಿ ಕೇಳಿದ:

"ಮೊದಲು ಮಾತಾಡಿದ್ನಲ್ಲ, ಆ ಕಾರಿನೋನು... ಅವನಿಗೆ ಮದ್ವೆ ಆಗಿದೆಯಾ?"