ಚಪ್ಪಾಳೆ ತಟ್ಟಿದ ಹುಡುಗಿ

ಅಂಗಡಿಯ ಎದುರು ಗೋಡೆಗೆ ಮತ್ತೆ ತೆರೆಗೆ ಬಂದ ಹಳೇ ಸಿನಿಮಾದ ಆ ಪೋಸ್ಟರ್ ಅಂಟಿಸದೆ ಹೋಗಿದ್ದರೆ ಕನ್ನಡಕದಕ್ಕನ ಮಾನ ಪೆಟ್ಟಿಗೆಯೊಳಗಿನ ಫ್ರೇಮಿನಂತೆ ಭದ್ರವಾಗಿರುತ್ತಿತ್ತು. ಯಾರದೋ ಕನ್ನಡಕದ ಸ್ಕ್ರೂ ಬಿಗಿಸುತ್ತ ತಲೆಯೆತ್ತಿದವಳ ಎದುರಿಗೇ, ಮುರಿದ ಕೊಡೆಗಳನ್ನು ರೆಕ್ಕೆಯಂತೆ ಕಟ್ಟಿಕೊಂಡ ಹುಡುಗ ನಿಂತಿದ್ದ.

ಅವಳ ಸಿನಿಮಾದ ಹುಡುಗ! ಎಲ್ಲ ಪಾಠದಲ್ಲೂ ನಪಾಸಾಗಿ, ಯಾರ ಗುಂಪಿಗೂ ಸೇರದೆ, ಹಾರಿಯೇ ತೀರುತ್ತೇನೆಂದು ಶಾಲೆಯ ಛಾವಣಿಯಿಂದ ಹುಲ್ಲಿನ ಬಣವೆಗೆ ಬಿದ್ದವನು. ಊರೆಲ್ಲ ನಕ್ಕಾಗ ಒಬ್ಬಳೇ ಒಬ್ಬಳು ಹುಡುಗಿ ಚಪ್ಪಾಳೆ ತಟ್ಟುತ್ತಾಳೆ. ಚಿಕ್ಕಂದಿನಲ್ಲಿ ಆ ಹುಡುಗಿಯಾಗಿ ನಟಿಸಿದ್ದು ತಾನೇ ಎಂದು, ಕಣ್ಣು ತೋರಿಸಲು ಬಂದವರಿಗೆಲ್ಲ ಅವಳು ಹೇಳಿದ್ದಳು. ಹೇಳದೇ ಉಳಿಸಿಕೊಂಡದ್ದು ಒಂದೇ ಮಾತು: ಆ ಸಿನಿಮಾವನ್ನು ಅವಳು ನೋಡಿರಲಿಲ್ಲ. ಅದು ಬಿಡುಗಡೆಯಾದಾಗ ಮಂಗನಬಾವು ಬಂದು ಅವಳ ಕೆನ್ನೆ ಕುಂಬಳಕಾಯಿಯಾಗಿತ್ತು. ಕೆನ್ನೆ ಇಳಿಯುವಷ್ಟರಲ್ಲಿ ಸಿನಿಮಾವೂ ಇಳಿದಿತ್ತು.

ಆದರೂ ಓದು ಅರ್ಧಕ್ಕೆ ನಿಂತ ದಿನ, ಮದುವೆಯ ಮಾತು ಮುಗಿದ ದಿನ, ಸುಮ್ಮನೆ ಕಿಟಕಿ ಒರೆಸುವ ದಿನಗಳಲ್ಲೂ ಅವಳೊಳಗೆ ಎಲ್ಲೋ ಕೊಡೆಯ ಬಟ್ಟೆ ಪಟಪಟ ಎನ್ನುತ್ತಿತ್ತು. ಹಾರಲಾಗಲಿಲ್ಲ, ನಿಜ. ಹಾರಿದವನಿಗೆ ಚಪ್ಪಾಳೆ ತಟ್ಟಿದವಳಲ್ಲವೇ!

"ಬಾಗಿಲು ಎಳೀರಿ ಅಕ್ಕಾ," ಮಾಲೀಕರು ಹುರುಪಿನಿಂದ ಎದ್ದರು. "ಇವತ್ತು ಅರ್ಧ ದಿನ ರಜ. ನಿಮ್ಮನ್ನ ತೆರೆ ಮೇಲೆ ನೋಡ್ಲೇಬೇಕು."

ಫ್ರೇಮು ಆರಿಸುತ್ತಿದ್ದ ಮಹಡಿ ಮನೆಯಾಕೆಯ ಕಿವಿ ನೆಟ್ಟಗಾಯಿತು. "ನಾನೂ ಬರ್ತೀನಿ. ಒಂದು ಹಾರನೂ ತರ್ತೀನಿ. ನೀವಿದ್ರೆ ಹಾಕೋಣ. ಇಲ್ದೇ ಇದ್ರೆ..." ಆಕೆ ಮಾತು ನುಂಗಿ ನಕ್ಕಳು.

ಕನ್ನಡಕದಕ್ಕ ಬಿಗಿಸಿದ ಸ್ಕ್ರೂವನ್ನೇ ಮತ್ತೆ ಬಿಗಿಸಿದಳು. ಸಿನಿಮಾಕ್ಕೆ ಕತ್ತರಿ ಆಡಿಸುವವರು ತನ್ನನ್ನು ಕತ್ತರಿಸಿ ಬಿಸಾಕಿದ್ದರೆ? ಇಷ್ಟು ವರ್ಷದ ಮಾತೆಲ್ಲ ಬುರುಡೆಯಾಗಿಬಿಡುತ್ತದಲ್ಲ! ಧೈರ್ಯಕ್ಕಿರಲಿ ಎಂದು ಗಂಡನಿಗೆ ಫೋನು ಮಾಡಿದಳು.

"ಬೇಡ್ವೇ ಮಾರಾಯ್ತಿ," ಅವನು ತಡವರಿಸಿದ. "ಹಳೇ ಸಿನಿಮಾ. ಏನೂ ಸರಿಯಾಗಿ ಕಾಣ್ಸಲ್ಲ."

"ನೀವೂ ನನ್ನ ನಂಬಲ್ವಾ?"

"ನಂಬ್ತೀನಿ ಕಣೇ. ಅದಕ್ಕೇ ಬೇಡ ಅಂದೆ."

ಬರದೆ ಬಿಡಲಾರದೆ ಬಂದ. ಟಾಕೀಸಿನಲ್ಲಿ ಒಟ್ಟಿಗೆ ಜಾಗ ಸಿಗದೆ ಅವಳ ಮುಂದಿನ ಸಾಲಿನಲ್ಲಿ ಕೂತ. ಅವನ ನೆತ್ತಿಯ ಹಿಂದೆ ಎರಡು ಸುಳಿ, ಒಂದಕ್ಕೊಂದು ಮುನಿಸಿಕೊಂಡಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು. ಎರಡು ಸುಳಿಯಿದ್ದವನಿಗೆ ಎರಡು ಮದುವೆ ಎಂದು ಅತ್ತೆ ಹೆದರಿಸಿದ್ದರು. ಒಂದರಲ್ಲೇ ಇವನಿಗೆ ಉಸಿರು ಕಟ್ಟಿತ್ತು.

ಕತ್ತಲಾಯಿತು. ಅದೇ ಶಾಲೆ, ಅದೇ ಅಂಗಳ. ಹುಡುಗ ಛಾವಣಿಯ ಅಂಚಿಗೆ ಬಂದಾಗ ಅವಳೂ ಕುರ್ಚಿಯ ಅಂಚಿಗೆ ಬಂದಳು. ವಯಸ್ಸು ಮೈಮೇಲಿನ ಶಾಲಿನಂತೆ ಮೆಲ್ಲಗೆ ಜಾರಿ ಬಿತ್ತು. ಅವನು ಹಾರಿದ, ಬಿದ್ದ. ಊರು ನಕ್ಕಿತು. ಕ್ಯಾಮೆರಾ ಗುಂಪಿನ ಮೇಲೆ ತೇಲಿ ಬಂದು ನಿಂತಿತು.

ಒಂದು ತಲೆಯ ಹಿಂಭಾಗ! ತೆರೆಯ ತುಂಬ ಅದೇ. ಅದರ ಎಡಬಲಕ್ಕೆ ಕೊಂಬು ಮೊಳೆತಂತೆ ಎರಡು ಪುಟ್ಟ ಕೈಗಳು ಚಪ್ಪಾಳೆಗೆಂದು ಅಗಲುತ್ತಿದ್ದವು, ಮತ್ತೆ ತಲೆಯ ಹಿಂದೆ ಮಾಯವಾಗುತ್ತಿದ್ದವು.

"ನೀವೆಲ್ಲಿ ಅಕ್ಕಾ?" ಮಾಲೀಕರು ಪಿಸುಗುಟ್ಟಿದರು.

ಅವಳು ತೆರೆಯನ್ನೇ ದಿಟ್ಟಿಸಿದಳು. ತೆರೆಯ ಮೇಲಿನ ತಲೆಯಲ್ಲಿ ಎರಡು ಸುಳಿ. ಮುಂದಿನ ಸಾಲಿನ ತಲೆಯಲ್ಲೂ ಎರಡು ಸುಳಿ. ಒಂದು ಕಪ್ಪು, ಒಂದು ನರೆತದ್ದು. ಸುಳಿಗಳ ಮುನಿಸು ಮಾತ್ರ ಅದೇ.

"ರೀ," ಬಗ್ಗಿ ಅವನ ಕಿವಿಗೆ ಹೇಳಿದಳು, "ಅದು ನೀವಾ?"

"ಶೂಟಿಂಗ್ ನೋಡೋಕೆ ಹೋಗಿದ್ದೆ. ಯಾವಳೋ ಎದುರಿನ ಹುಡುಗಿ ಸ್ವಲ್ಪ ಸರೀರಿ, ಸರೀರಿ ಅಂತಿದ್ಲು. ಮದುವೆಯಾದ್ಮೇಲೆ ನೀನು ಕತೆ ಹೇಳ್ದಾಗ್ಲೇ ಅದು ನೀನೇ ಅಂತ ಗೊತ್ತಾಯ್ತು."

"ಇಷ್ಟು ವರ್ಷ ಬಾಯಿಬಿಡ್ಲಿಲ್ವಲ್ರೀ!"

"ಹೇಗೆ ಬಿಡ್ಲಿ? ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ."

ದೀಪ ಹತ್ತಿತು. ಮಹಡಿ ಮನೆಯಾಕೆ ಅವನ ನೆತ್ತಿ ನೋಡಿ ಚೀರಿದಳು: "ಅಯ್ಯೋ, ಇದೇ ತಲೆ!" ಮಾಲೀಕರು ಓಡಿ ಬಂದು ಅವನ ಕೈ ಕುಲುಕಿದರು. "ಮುಚ್ಚಿಟ್ಟಿದ್ರಲ್ಲ ಸಾರ್! ತೆರೆ ತುಂಬಾ ನೀವೇ!" ತಂದ ಹಾರ ವ್ಯರ್ಥವಾಗಬಾರದೆಂದು ಅವನ ಕೊರಳಿಗೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. ಅಭ್ಯಾಸಬಲದಿಂದ ಅವಳೂ ತಟ್ಟಿದಳು.

ಮನೆಗೆ ಹೊರಟಾಗ ಸಂಜೆಗೆಂಪು ಬೀದಿಯ ತುಂಬ ಹರಡಿತ್ತು. ಸ್ಕೂಟರಿನಲ್ಲಿ ಹಿಂದೆ ಕೂತವಳಿಗೆ ಕಂಡದ್ದು ಹಾರ, ಅದರ ಮೇಲೆ ಎರಡು ಸುಳಿ. ಆಚೆ ಎಲ್ಲೋ, ಛಾವಣಿಗಳ ಮೇಲೆ, ಕೊಡೆಯ ರೆಕ್ಕೆಯೊಂದು ಮಿಂಚಿದಂತಾಯಿತು.

"ಸ್ವಲ್ಪ ಸರೀರಿ," ಬೆನ್ನಿಗೆ ತಿವಿದಳು.

ಅಂದಿನಂತೆಯೇ ಅವನು ಜಗ್ಗಲಿಲ್ಲ.