ಬೀಗರೂಟಕ್ಕೆ ತಿರುಗಿದ ನಲವತ್ತು ಬೈಕು

ದೊಡ್ಡಬಳ್ಳಾಪುರದಿಂದ ನೆಲಮಂಗಲದವರೆಗೆ ನಲವತ್ತು ಬೈಕುಗಳ ಮುಂದೆ ಹೋಗುವ ಯೋಗ್ಯತೆ ಈ ಸೀಮೆಯಲ್ಲಿ ಇರುವುದು ಒಬ್ಬನಿಗೇ, ಆ ಒಬ್ಬ ತಾನೇ ಎಂದು ದೊಡ್ಡಬೆಳವಂಗಲದ ರಾಮಾಂಜಿನಪ್ಪನವರು ತೀರ್ಮಾನ ಮಾಡಿ ಹತ್ತು ದಿನವಾಗಿತ್ತು. ಅರವತ್ತಮೂರು ವರ್ಷದ ಅನುಭವ, ರೇಷ್ಮೆಗೂಡಿಗೆ ಬೆಲೆ ಬಂದ ವರ್ಷ ಕೊಂಡ ಬುಲೆಟ್ಟು, ಯಾವ ಹಳ್ಳಿಯ ಯಾವ ತಿರುವಿನಲ್ಲಿ ಯಾರ ಮನೆ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಂಬುದರವರೆಗಿನ ಜ್ಞಾನ. ಈ ಮೂರೂ ಒಬ್ಬನಲ್ಲೇ ಕೂಡುವುದು ಸಾಮಾನ್ಯದ ಮಾತೇ!

ರ್ಯಾಲಿ ಹೂಡಿದವಳು ನವ್ಯಶ್ರೀ. ಆಸ್ಪತ್ರೆಯಲ್ಲಿ ನರ್ಸು. ತಲೆ ಒಡೆದುಕೊಂಡು ಬಂದವರಿಗೆ ಪಟ್ಟಿ ಸುತ್ತಿ ಸುತ್ತಿ ಬೇಸತ್ತು, ಹೆಲ್ಮೆಟ್ ಹಾಕಿರಪ್ಪಾ ಎಂದು ಊರೂರಿಗೆ ಹೇಳಿಬರಲು ಹೊರಟಿದ್ದಳು. ಅವಳ ಗುಂಪಿನಲ್ಲಿ ಮಗ್ಗದ ಕಾರ್ಖಾನೆಯ ಸಾಹೇಬರಿದ್ದರು, ನೆಲಮಂಗಲದಲ್ಲಿ ಲಾರಿ ಟೈರಿನ ಅಂಗಡಿ ಇಟ್ಟ ಸರ್ದಾರ್ಜಿ ಇದ್ದರು, ಹಲ್ಲಿನ ಡಾಕ್ಟರಿದ್ದರು, ಚರ್ಚಿನಲ್ಲಿ ಹಾಡುವ ಮೇಷ್ಟ್ರಿದ್ದರು, ಹೂವಿನ ಮಂಡಿಯ ತಮಿಳರಿದ್ದರು, ಎಲ್ಲರ ಬೈಕಿನ ಹೊಟ್ಟೆನೋವು ಬಲ್ಲ ಮೆಕ್ಯಾನಿಕ್ ಮಂಜೇಶ್ ಇದ್ದ. ಊರ ಸಂತೆಯಲ್ಲಿ ಕೂಡ ಇಷ್ಟು ಬಗೆಯ ಜನ ಒಂದೇ ಮರದ ಕೆಳಗೆ ನಿಲ್ಲುವುದಿಲ್ಲ. ಇವರನ್ನು ಒಂದು ಮಾಡಿದ್ದು ಪ್ಯಾಂಟಿನ ಮೇಲಿನ ಆಯಿಲ್ ಕಲೆ. ಆ ಕಲೆ ಇದ್ದವನ ಜಾತಿ ಕುಲ ಯಾರೂ ಕೇಳುತ್ತಿರಲಿಲ್ಲ, ಮೈಲೇಜ್ ಎಷ್ಟು ಕೊಡುತ್ತದೆ ಎಂದಷ್ಟೇ ಕೇಳುತ್ತಿದ್ದರು.

ದಾರಿ ಬಲ್ಲ ಹಿರಿಯರೆಂದು ನವ್ಯಶ್ರೀ ರಾಮಾಂಜಿನಪ್ಪನವರನ್ನೇ ಮುಂದಾಳು ಮಾಡಿದಳು. ಎಲ್ಲ ಸರಿ, ಅಡ್ಡಿ ಒಂದೇ. ಅದರ ಹೆಸರು ಅಮ್ಮಯಮ್ಮ.

ಎಂಟು ತಿಂಗಳ ಹಿಂದೆ ಹಾಲಿನ ಡೈರಿ ಮುಂದೆ ಯಾರಿಗೋ ನಮಸ್ಕಾರ ಮಾಡಲು ಹೋಗಿ ರಾಮಾಂಜಿನಪ್ಪನವರು ಬುಲೆಟ್ಟಿನ ಸಮೇತ ಚರಂಡಿ ಸೇರಿದ್ದರು. ಮೊಣಕಾಲು ಕುಂಬಳಕಾಯಿಯಾಯಿತು. ಅಂದು ಹೆಂಡತಿ ಅಮ್ಮಯಮ್ಮ ಮನೆದೇವರ ಮುಂದೆ ಕರ್ಪೂರ ಹಚ್ಚಿ, ಅದರ ಮೇಲೆ ಗಂಡನ ಕೈ ಇಡಿಸಿ, ಇನ್ನು ಗಾಡಿ ಹತ್ತುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು. ಮಾತು ತಪ್ಪಿದರೆ ಬುಲೆಟ್ಟು ಅವಳ ತಮ್ಮ ಮುನಿಕೃಷ್ಣನ ಪಾಲು. ಮಧುರೆಯ ಮುನಿಕೃಷ್ಣನಿಗೆ ಆ ಬುಲೆಟ್ಟಿನ ಮೇಲೆ ಮೂವತ್ತು ವರ್ಷದ ಕಣ್ಣು. ಅಕ್ಕನ ಮನೆಗೆ ಬಂದಾಗಲೆಲ್ಲ ಅಕ್ಕನಿಗಿಂತ ಮೊದಲು ಅದನ್ನು ಮಾತಾಡಿಸುತ್ತಿದ್ದ.

ದೇವರು ಕೊಟ್ಟರೆ ಒಟ್ಟಿಗೇ ಕೊಡುತ್ತಾನೆ. ಮುನಿಕೃಷ್ಣ ಮಗಳ ಮದುವೆ ಮುಗಿಸಿ, ರ್ಯಾಲಿಯಿದ್ದ ಭಾನುವಾರವೇ ಬೀಗರೂಟ ಇಟ್ಟುಕೊಂಡ. ಅಮ್ಮಯಮ್ಮ ಶನಿವಾರವೇ ತವರಿಗೆ ಹೊರಟಳು. ರಾಮಾಂಜಿನಪ್ಪನವರು ಮೊಣಕಾಲು ಹಿಡಿದು ನರಳಿದರು. ನೆಲದ ಮೇಲೆ ಪಂಕ್ತಿಯಲ್ಲಿ ಕೂರಲಾಗದು, ನೀನು ಹೋಗಿ ಬಾ ಎಂದರು. ಅವಳು ನೋವಿನೆಣ್ಣೆ ಹಚ್ಚಿ ಹೋದಳು. ಬಸ್ಸು ತಿರುವು ದಾಟುವ ಮೊದಲೇ ನೋವೂ ಅವಳ ಜೊತೆ ಬಸ್ಸು ಹತ್ತಿತ್ತು.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ನವ್ಯಶ್ರೀ ಎಲ್ಲರಿಗೂ ಕೈಸನ್ನೆ ಹೇಳಿಕೊಟ್ಟಳು. ಬಲಗೈ ಆಕ್ಸಿಲರೇಟರ್ ಮೇಲಿರುವುದರಿಂದ ಸನ್ನೆಯೆಲ್ಲ ಎಡಗೈಯದು. ಎತ್ತಿ ಹಿಡಿದರೆ ನಿಲ್ಲಬೇಕು, ಪಕ್ಕಕ್ಕೆ ಚಾಚಿದರೆ ಎಡಕ್ಕೆ ತಿರುಗಬೇಕು. ಮುಂದಾಳು ಮಾಡಿದ್ದನ್ನು ಹಿಂದಿನವನು ಮಾಡಬೇಕು, ಅವನದನ್ನು ಅವನ ಹಿಂದಿನವನು. ಯಾಕೆ ಏನು ಎಂದು ಕೇಳುವಂತಿಲ್ಲ. ರಾಮಾಂಜಿನಪ್ಪನವರಿಗೆ ಮೈಯೆಲ್ಲ ಪುಳಕ. ಮನೆಯಲ್ಲಿ ಇವರು ಹೇಳಿದ ಮಾತಿಗೆ ಬೆಕ್ಕು ಕೂಡ ತಿರುಗುತ್ತಿರಲಿಲ್ಲ.

ಊರು ಬಿಟ್ಟು ಎರಡು ಮೈಲಿ ಹೋಗಿಲ್ಲ, ಟೀ ಅಂಗಡಿ ಮುಂದೆ ಹಳೇ ಗೆಳೆಯ ಮುನಿರಾಮಯ್ಯ ಕಂಡರು. ಕಂಡವರಿಗೆ ಕೈ ಎತ್ತದೆ ಹೋದರೆ ಈ ಸೀಮೆಯಲ್ಲಿ ಬಾಳುವುದು ಹೇಗೆ? ರಾಮಾಂಜಿನಪ್ಪನವರು ಕೈ ಎತ್ತಿದರು. ಹಿಂದೆ ಮೂವತ್ತೊಂಬತ್ತು ಬೈಕುಗಳು ಕಿರ್ರೆಂದು ನಿಂತವು. ನವ್ಯಶ್ರೀ ಓಡಿ ಬಂದಳು.

"ಏನಾಯ್ತು ಸಾರ್?"

"ಏನಿಲ್ಲಮ್ಮ. ಎಲ್ರೂ ಬತ್ತಾವ್ರಾ ಅಂತ ನೋಡ್ದೆ."

ಅಲ್ಲಿಂದ ಮುಂದೆ ಅವರು ಎರಡೂ ಕೈಯನ್ನು ಹ್ಯಾಂಡಲ್ಲಿಗೆ ಅಂಟಿಸಿಕೊಂಡರು. ದಾರಿಯಲ್ಲಿ ಎಷ್ಟೋ ಜನ ಬಲ್ಲವರು ಕಂಡರು. ಅವರಿಗೆಲ್ಲ ಹೆಲ್ಮೆಟ್ಟಿನೊಳಗೇ ಹುಬ್ಬು ಹಾರಿಸಿ ಮುಂದೆ ಹೋದರು.

ಮಧುರೆ ಬಂತು. ಮುಖ ಮುಚ್ಚುವ ದೊಡ್ಡ ಹೆಲ್ಮೆಟ್ಟು, ಮೇಲೆ ಕಪ್ಪು ಗಾಜು. ಎಂಟು ದಿಕ್ಪಾಲಕರು ಬಂದರೂ ಗುರುತು ಹಿಡಿಯಲಾರರು ಎಂಬ ಧೈರ್ಯದಲ್ಲಿ ಅವರು ಎದೆ ಸೆಟೆಸಿ ಬರುತ್ತಿದ್ದರು. ಬುಲೆಟ್ಟಿಗೂ ಕೇಸರಿ ಬಟ್ಟೆ ಸುತ್ತಿ, ಮುಂದೆ ಬ್ಯಾನರ್ ಕಟ್ಟಿ ವೇಷ ಮರೆಸಿದ್ದರು. ಎಡಗಡೆ ಓಣಿಯ ಬಾಯಲ್ಲಿ ಬಾಳೆಕಂಬ, ಒಳಗೆ ಶಾಮಿಯಾನ. ರಸ್ತೆಗೇ ಬಂದು ನಿಂತಿದ್ದ ಮುನಿಕೃಷ್ಣ, ಹೊಸ ಪಂಚೆ, ಹೆಗಲ ಮೇಲೆ ಟವೆಲು. ಬೈಕಿನ ಸಾಲು ಕಂಡದ್ದೇ ಎರಡೂ ಕೈ ಜೋಡಿಸಿ, ಬನ್ನಿ ಬನ್ನಿ, ಊಟಕ್ಕೆ ಬನ್ನಿ ಎಂದು ಬಗ್ಗಿದ.

ಅದಕ್ಕೆ ಕಾರಣವಿತ್ತು. ಹೊಸಕೋಟೆ ಕಡೆಯ ಬೀಗ ಕೆಂಪರಾಜು ಎರಡು ದಿನದ ಹಿಂದೆ ಫೋನಿನಲ್ಲಿ, ನಮ್ಮ ಹುಡುಗರೆಲ್ಲ ಬೈಕಲ್ಲೇ ಬರ್ತಾರೆ ಎಂದಿದ್ದರು.

ಈಗ, ಊಟಕ್ಕೆ ಬನ್ನಿ ಎಂದು ದಾರಿಯಲ್ಲಿ ಯಾರಾದರೂ ಕೈ ಮುಗಿದರೆ ನಮ್ಮವರು ಒಲ್ಲೆ ಎನ್ನುವುದಿಲ್ಲ. ಅದು ಅನ್ನಕ್ಕೆ ಮಾಡಿದ ಅವಮಾನ. "ಆಗ್ಲಿ, ನೀವು ನಡೀರಿ, ಬತ್ತೀವಿ" ಎಂದು ಅವರ ಮನೆ ಕಡೆಗೇ ಕೈ ತೋರಿಸಿ, ನಮ್ಮ ಪಾಡಿಗೆ ನಾವು ಹೋಗಿಬಿಡುತ್ತೇವೆ. ಕರೆದವರಿಗೂ ಗೊತ್ತು, ಹೋದವರಿಗೂ ಗೊತ್ತು. ಅರವತ್ತಮೂರು ವರ್ಷದ ಮರ್ಯಾದೆ ಒಂದು ಗಳಿಗೆಯಲ್ಲಿ ಬಿಟ್ಟೀತೇ? ರಾಮಾಂಜಿನಪ್ಪನವರ ಎಡಗೈ ತಾನಾಗಿ ಹ್ಯಾಂಡಲ್ ಬಿಟ್ಟು ಶಾಮಿಯಾನದ ಕಡೆಗೆ ಉದ್ದಕ್ಕೆ ಚಾಚಿಕೊಂಡಿತು.

ಅವರು ನೆಟ್ಟಗೆ ಹೋದರು. ಮೂವತ್ತೊಂಬತ್ತು ಬೈಕುಗಳು ಎಡಕ್ಕೆ ತಿರುಗಿದವು.

ಒಂದು ಫರ್ಲಾಂಗು ಹೋದ ಮೇಲೆ ಹಿಂದೆ ಸದ್ದೇ ಇಲ್ಲವೆನ್ನಿಸಿ ಕನ್ನಡಿ ನೋಡಿದರು. ಕನ್ನಡಿಯಲ್ಲಿ ಖಾಲಿ ರಸ್ತೆ, ಒಂದು ಎಮ್ಮೆ. ಹಾಗೇ ಮನೆಗೆ ಹೋಗಿ ಬುಲೆಟ್ಟು ಒಳಗಿಟ್ಟು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ನವ್ಯಶ್ರೀಯ ಫೋನು ಬಂತು.

"ಸಾರ್, ಊಟಾನೂ ಅರೇಂಜ್ ಮಾಡಿದ್ದೀರ, ಒಂದು ಮಾತು ಹೇಳಲೇ ಇಲ್ಲ. ಇವರಂತೂ ಕಾಲಿಗೆ ನೀರು ಕೊಡ್ತಾವ್ರೆ. ನೀವೆಲ್ಲಿ? ಎಲ್ಲಾ ನಿಮ್ಮನ್ನೇ ಹೊಗಳ್ತಾವ್ರೆ."

ಇಲ್ಲಮ್ಮ, ಅದು ನನ್ನದಲ್ಲ ಎಂದು ಹೇಳಲು ಒಂದೇ ಉಸಿರು ಸಾಕಿತ್ತು. ಆದರೆ ಹೊಗಳ್ತಾವ್ರೆ ಎಂಬ ಮಾತು ಕಿವಿಗೆ ಬಿದ್ದಿತ್ತಲ್ಲ. "ಸಣ್ಣದು ಕಣಮ್ಮ, ಅದೇನ್ ಮಹಾ" ಎಂದು ಬುಲೆಟ್ಟು ತಿರುಗಿಸಿದರು.

ಶಾಮಿಯಾನದಲ್ಲಿ ಮೊದಲ ಪಂಕ್ತಿ ಕೂತಾಗಿತ್ತು. ಎಲೆ ಮುಂದೆ ಕೂತವರನ್ನು ನೀವು ಯಾರು ಎಂದು ಕೇಳುವುದು ಎಲ್ಲಿಯೂ ಇಲ್ಲ. ಬೀಗರನ್ನಂತೂ ಕೇಳಿದರೆ ಮೂರು ತಲೆಮಾರು ಮಾತು ಬಿಡುತ್ತಾರೆ. ಮದುವೆ ಗದ್ದಲದಲ್ಲಿ ಬೀಗರ ಕಡೆಯವರ ಮುಖಗಳನ್ನೆಲ್ಲ ನೆನಪಿಟ್ಟವರೂ ಇರಲಿಲ್ಲ. ಸರ್ದಾರ್ಜಿಯ ಪೇಟ ಕಂಡು, ಇವರೇ ಗಂಡಿನ ಮನೆಯ ದೊಡ್ಡವರು ಎಂದು ಮುನಿಕೃಷ್ಣ ತಾನೇ ತೀರ್ಮಾನಿಸಿ, ಮೊದಲ ಎಲೆಗೆ ಕೂರಿಸಿ, ಹಿರಿಬೀಗರಿಗೆ ಸಲ್ಲುವ ತಲೆಮಾಂಸವನ್ನು ಸ್ವಂತ ಕೈಯಿಂದ ಬಡಿಸಿದ. ಸರ್ದಾರ್ಜಿ ಹುಟ್ಟಿದಾಗಿನಿಂದ ಸಸ್ಯಾಹಾರಿ. ಎಲೆಯ ಮೇಲಿದ್ದುದನ್ನು ನೋಡಿದರು, ಅದೂ ಅವರನ್ನು ನೋಡಿತು. ಪಕ್ಕದಲ್ಲಿದ್ದ ಮಗ್ಗದ ಸಾಹೇಬರು ಅದನ್ನು ತಮ್ಮ ಎಲೆಗೆ ಎಳೆದುಕೊಂಡು, ತಮ್ಮ ಪಾಯಸ, ಕೋಸಂಬರಿ, ಬಾಳೆಹಣ್ಣುಗಳನ್ನು ಅತ್ತ ದಾಟಿಸಿದರು. ಕುರಿ ಕುಯ್ದದ್ದು ಮಧುರೆಯ ಸಾಬರೇ, ಹಾಗಾಗಿ ಅವರಿಗೆ ಅಡ್ಡಿಯಿರಲಿಲ್ಲ.

ರಾಮಾಂಜಿನಪ್ಪನವರು ಕೊನೆಯ ಎಲೆಗೆ ಕೂತರು. ನೆಲದ ಮೇಲೆ ಕೂರಲಾಗದ ಅದೇ ಮೊಣಕಾಲು ಮಡಚಿ. ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. ಜಾಗೃತಿ ಅಂದರೆ ಊಟದಲ್ಲೂ ಜಾಗೃತಿ ಎಂದು ಪಕ್ಕದ ಡಾಕ್ಟರಿಗೆ ವಿವರಿಸಿದರು. ಸಾರಿನ ವಾಸನೆ ಮೂಗಿಗೆ ಬಡಿದು ತಡೆಯಲಾರದೆ, ಗಾಜು ಒಂದಿಷ್ಟು ಎತ್ತಿ, ಮುದ್ದೆ ಮುರಿದು ಸಾರಿಗೆ ಅದ್ದಿ ಗದ್ದದ ಅಂಚಿನ ಮೇಲಿಂದ ಒಳಗೆ ಇಳಿಬಿಟ್ಟರು. ಮುದ್ದೆ ಬಾಯಿಗೆ ಹೋಯಿತು. ಸಾರು ಬೇರೆ ದಾರಿ ಹಿಡಿಯಿತು.

ಎರಡನೇ ಮುದ್ದೆ ಎಲೆಗೆ ಬಿತ್ತು. ಬಡಿಸಿದ ಕೈಯಲ್ಲಿ ಪರಿಚಯದ ಬಳೆಗಳಿದ್ದವು. ಕೈ ಹಿಂದಕ್ಕೆ ಹೋಗಲಿಲ್ಲ.

"ಹೆಲ್ಮೆಟ್ ತೆಗೀರಿ," ಎಂದಳು ಅಮ್ಮಯಮ್ಮ, ಮೆಲ್ಲಗೆ. "ಸಾರು ಗಂಟ್ಲಿಗೆ ಹೋಗ್ತಾ ಇಲ್ಲ, ಷರ್ಟಿಗೆ ಹೋಗ್ತಾ ಐತೆ. ಆ ಷರ್ಟು ಒಗ್ಯೋಳು ನಾನೇ."

ಹೆಲ್ಮೆಟ್ ಹೊರಗೆ ಬಂತು. ಒಳಗಿದ್ದ ಮುಖದಲ್ಲಿ ಮೂಗಿನಿಂದ ಕೆಳಕ್ಕೆ ಮಸಾಲೆ, ಮೇಲಕ್ಕೆ ಬೆವರು.

"ಮೊಣಕಾಲು ಹೆಂಗೈತೆ?"

"ವಾಸಿ," ಎಂದರು ರಾಮಾಂಜಿನಪ್ಪನವರು.

ಅವಳು ಇನ್ನೂ ಮಾತಾಡುವವಳಿದ್ದಳು. ಅಷ್ಟರಲ್ಲಿ ಕೈಯಲ್ಲಿ ಫೋನು ಹಿಡಿದ ಮುನಿಕೃಷ್ಣ ಹಿತ್ತಲಿಂದ ಓಡಿ ಬಂದ. ಮುಖ ಸುಣ್ಣ ಬಳಿದ ಗೋಡೆ. ಕೆಂಪರಾಜು ಮಾತಾಡಿದ್ದರು. ವ್ಯಾನು ಪಂಚರಾಗಿ ತಡವಾಯಿತಂತೆ, ಅದಕ್ಕೇ ಹುಡುಗರೂ ಜೊತೆಗೇ ನಿಂತರಂತೆ, ಈಗ ದೊಡ್ಡಬಳ್ಳಾಪುರ ಬಿಟ್ಟಿದ್ದಾರಂತೆ. ಮುನಿಕೃಷ್ಣ ಪಂಕ್ತಿಯನ್ನು ನೋಡಿದ, ಸರ್ದಾರ್ಜಿಯನ್ನು ನೋಡಿದ, ಕೊನೆಗೆ ಕೊನೆಯ ಎಲೆಯನ್ನು ನೋಡಿದ.

"ಭಾವ," ಎಂದ, "ಬೀಗರು ಇನ್ನೂ ಬಂದಿಲ್ಲ. ಹಂಗಾದ್ರೆ ಉಂಡೋರು ಯಾರು?"

ನವ್ಯಶ್ರೀಗೆ ಆಗ ಎಲ್ಲ ಅರ್ಥವಾಯಿತು. ನಲವತ್ತು ಜನರ ಕೈ ಎಲೆಯ ಮೇಲೇ ನಿಂತಿತು. ಅಡುಗೆಯ ದೇಗಿಷಾದಲ್ಲಿ ಸಾರು ಉಳಿದಿತ್ತು, ಮಾಂಸದ ತುಂಡು ಉಳಿದಿರಲಿಲ್ಲ. ಬೀಗರಿಗೆ ಬರೀ ಸಾರು ಬಡಿಸಿದ ಮನೆ ಎಂಬ ಹೆಸರು ಬಂದರೆ ಹೊಸದಾಗಿ ಹೋದ ಹುಡುಗಿ ಆ ಮನೆಯಲ್ಲಿ ಅದನ್ನು ಎಷ್ಟು ವರ್ಷ ಕೇಳಬೇಕೋ. ರಾಮಾಂಜಿನಪ್ಪನವರು ಎದ್ದು ನಿಂತರು. ಬುಲೆಟ್ಟು ಹೋಯಿತು ಎಂಬುದು ಅವರಿಗೆ ಖಚಿತವಾಗಿತ್ತು. ಈಗ ಅದರ ಚಿಂತೆಗಿಂತ ಬಾಲ್ಯದಿಂದ ಎತ್ತಿ ಆಡಿಸಿದ ಹುಡುಗಿಯ ಚಿಂತೆ ದೊಡ್ಡದಾಗಿ, ಬಾಯಿಗೆ ಮಾತೇ ಬರಲಿಲ್ಲ.

ಬಂದದ್ದು ಅಮ್ಮಯಮ್ಮನ ಬಾಯಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಹೇಳುತ್ತಾ ಹೋದಳು, ಜನ ಮಾಡುತ್ತಾ ಹೋದರು. ಮಂಜೇಶ್ ಇಬ್ಬರನ್ನು ಕರೆದುಕೊಂಡು ಮಾಂಸಕ್ಕೆ ಹಾರಿದ. ಹಲ್ಲಿನ ಡಾಕ್ಟರು ಈರುಳ್ಳಿ ಹೆಚ್ಚಲು ಕೂತರು, ಜೀವಮಾನದಲ್ಲಿ ಮೊದಲ ಸಲ ರೋಗಿಗಿಂತ ಹೆಚ್ಚು ಅತ್ತರು. ಮೇಷ್ಟ್ರು ಒಲೆಗೆ ಸೌದೆ ಒಡ್ಡಿದರು, ತಮಿಳರು ಮಸಾಲೆ ರುಬ್ಬಿದರು, ಸರ್ದಾರ್ಜಿ ಎಂಜಲೆಲೆ ಎತ್ತಿದರು. ಬೇಡ ಬೇಡ ಎಂದು ಮುನಿಕೃಷ್ಣ ಕೈ ಹಿಡಿದರೆ, ನಮ್ಮ ಗುರುದ್ವಾರದಲ್ಲೂ ಇದೇ ಕೆಲಸ ಎಂದು ನಕ್ಕರು.

"ಮಾಂಸ ಬೇಯಕ್ಕೆ ಒಂದೂವರೆ ಗಂಟೆ ಬೇಕಲ್ಲಕ್ಕ," ಎಂದ ಮುನಿಕೃಷ್ಣ. "ಬೀಗರು ಇನ್ನರ್ಧ ಗಂಟೇಲಿ ಇಲ್ಲಿರ್ತಾರೆ."

"ಬರ್ದಂಗೆ ನಾನ್ ನೋಡ್ಕೊಂತೀನಿ," ಎಂದು ಅಮ್ಮಯಮ್ಮ ಸೀದಾ ಹೋಗಿ ಬುಲೆಟ್ಟಿನ ಹಿಂದಿನ ಸೀಟು ಹತ್ತಿದಳು. "ಏನ್ ನೋಡ್ತಾ ನಿಂತ್ರಿ? ತೆಗೀರಿ ಗಾಡಿ."

ಇಪ್ಪತ್ತೈದು ಬೈಕುಗಳು ಹಿಂದೆ ಹೊರಟವು. ದಾರಿಯಲ್ಲೇ ಬೀಗರ ವ್ಯಾನು ಎದುರಾಯಿತು. ಅಮ್ಮಯಮ್ಮ ಕೈ ಎತ್ತಿದಳು. ಬೈಕು, ವ್ಯಾನು, ವ್ಯಾನಿನ ಹಿಂದಿನ ಹುಡುಗರ ಬೈಕುಗಳೂ ನಿಂತವು. ಅವಳು ಇಳಿದು ಕೆಂಪರಾಜುಗೆ ಕೈ ಮುಗಿದಳು. ಬೀಗರನ್ನು ಬರಿದೇ ಕರೆದೊಯ್ಯುವ ಪದ್ಧತಿ ತಮ್ಮಲ್ಲಿಲ್ಲವೆಂದೂ, ಸುತ್ತಲ ಊರಿಗೆಲ್ಲ ಕಾಣುವಂತೆ ಮೆರವಣಿಗೆಯಲ್ಲಿ ಕರೆದೊಯ್ಯುವುದು ಹಿರಿಯರಿಂದ ಬಂದದ್ದೆಂದೂ ಹೇಳಿದಳು. ಆ ಪದ್ಧತಿಗೆ ಆಗ ಹತ್ತು ನಿಮಿಷದ ವಯಸ್ಸು. ಕೆಂಪರಾಜು ಮೀಸೆ ತೀಡಿಕೊಂಡರು. ಹೆಡ್‌ಲೈಟು ಹಚ್ಚಿದ ಬೈಕುಗಳು ಹಿಂದೆ ಮುಂದೆ ಬರುವಾಗ ಮುಖ್ಯಮಂತ್ರಿಯೂ ಹೀಗೆ ಹೋಗಿರಲಾರರು ಎಂಬ ಠೀವಿ ಅವರಿಗೆ ಬಂದುಬಿಟ್ಟಿತು. ಎರಡು ಕೆರೆ ಏರಿ, ಮೂರು ಗುಡಿ, ಒಂದು ತೋಪು ಸುತ್ತಿಸಿದರೂ ಅವರು ಹಸಿವೆಯ ಮಾತೆತ್ತಲಿಲ್ಲ. ಎಲ್ಲಿ ತಿರುಗಬೇಕೋ ಅಲ್ಲಿ ಗಂಡನ ಹೆಗಲ ಪಕ್ಕದಿಂದ ಬಳೆ ತುಂಬಿದ ಕೈ ಹೊರಗೆ ಬರುತ್ತಿತ್ತು. ಮಂಜೇಶ್ ಫೋನು ಮಾಡಿ, ಬೆಂದೈತಕ್ಕ ಎಂದ ಮೇಲೆಯೇ ಆ ಕೈ ಮಧುರೆಯ ಕಡೆಗೆ ತಿರುಗಿತು.

ಸಂಜೆ ಬೀಗರು ತಾಂಬೂಲ ಹಾಕಿಕೊಂಡು, ಇಂಥ ಮರ್ಯಾದೆ ಎಲ್ಲೂ ಕಂಡಿಲ್ಲ ಎಂದು ಹೇಳಿ ಹೋದರು. ಮುನಿಕೃಷ್ಣ ಬುಲೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅಕ್ಕನ ಮುಂದೆ ನಿಂತ.

"ಅಕ್ಕ, ಭಾವ ಮಾತು ತಪ್ಪವ್ರೆ. ಗಾಡಿ ನಂಗೇ ತಾನೆ?"

ರಾಮಾಂಜಿನಪ್ಪನವರು ಜೇಬಿನಿಂದ ಕೀ ತೆಗೆದು ಮುಂದೆ ಹಿಡಿದರು. ಅಮ್ಮಯಮ್ಮ ಅದನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಇಲ್ಲ ಕಣೋ," ಎಂದಳು ತಮ್ಮನಿಗೆ. "ನಂಗೇ ಬೇಕು."

ಗಾಡಿ ಮನೆಯಲ್ಲೇ ಉಳಿಯಿತಲ್ಲ ಎಂದು ರಾಮಾಂಜಿನಪ್ಪನವರು ಆ ವಾರವೆಲ್ಲ ಹಿಗ್ಗಿದರು. ಎಂಟು ದಿನದ ಮೇಲೆ ಮೊಬೈಲಿಗೆ ನವ್ಯಶ್ರೀ ಕಳಿಸಿದ ಪಟ್ಟಿ ಬಂತು. ಮುಂದಿನ ರ್ಯಾಲಿ ದೇವನಹಳ್ಳಿಗೆ. ಕನ್ನಡಕ ಹಾಕಿಕೊಂಡು ಓದಿದರು. ಮೊದಲ ಸಾಲಿನಲ್ಲಿ, ಮುಂದಾಳು ಶ್ರೀಮತಿ ಅಮ್ಮಯಮ್ಮನವರು ಎಂದಿತ್ತು. ಇರಲಿ ಎಂದುಕೊಂಡು ತಮ್ಮ ಹೆಸರಿಗಾಗಿ ಕೆಳಗಿಳಿದರು. ಸರ್ದಾರ್ಜಿ ಇದ್ದರು, ಸಾಹೇಬರಿದ್ದರು, ಡಾಕ್ಟರಿದ್ದರು, ಹೊಸದಾಗಿ ಸೇರಿದ ಬೀಗ ಕೆಂಪರಾಜು ಕೂಡ ಇದ್ದರು. ಕೊನೆಯ ಸಾಲಿನ ಮಂಜೇಶನವರೆಗೆ ಎರಡು ಸಲ ಇಳಿದು ಹತ್ತಿ, ತಡೆಯಲಾರದೆ ಫೋನು ಮಾಡಿದರು.

"ನವ್ಯಶ್ರೀ, ನನ್ನೆಸ್ರು ಬಿಟ್ಟೋಗೈತಲ್ಲಮ್ಮ."

"ಬಿಟ್ಟಿಲ್ಲ ಸಾರ್. ಮೊದಲನೇ ಸಾಲಲ್ಲೇ ಇದ್ದೀರ, ಸರಿಯಾಗಿ ನೋಡಿ."

ಮತ್ತೆ ನೋಡಿದರು. ಅಮ್ಮಯಮ್ಮನವರು ಎಂಬುದರ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಇಷ್ಟಿತ್ತು: ಜೊತೆಗೆ ಡ್ರೈವರ್ ಒಬ್ಬರು.