ಒಂದು ತಾಸು ನಿಂತ ರಕ್ತ

ಗೋಕಾಕದಲ್ಲಿ ಡಾಕ್ಟರರ ಚೀಟಿ ನೋಡಿ ರಕ್ತ ಪರೀಕ್ಷೆ ಮಾಡುವುದು ನನ್ನ ಕಾಯಕ. ಸೂಜಿ ಚುಚ್ಚುವಾಗ ಯಾರೂ ನಗುವುದಿಲ್ಲ. ಒಂದಿಲ್ಲೊಂದು ನಡೆಯುವುದು ಆಮೇಲೆಯೇ. ಅದರಲ್ಲೂ ಇ.ಎಸ್.ಆರ್. ಇದ್ದರೆ ಕೇಳುವುದೇ ಬೇಡ. ತೆಳ್ಳನೆಯ ಗಾಜಿನ ನಳಿಕೆಯಲ್ಲಿ ರಕ್ತ ತುಂಬಿ ಒಂದು ತಾಸು ನೆಟ್ಟಗೆ ನಿಲ್ಲಿಸಬೇಕು. ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವೋ ಅದೇ ಅಂಕಿ. ಅಂಕಿ ಹೆಚ್ಚಾದರೆ ಮೈಯಲ್ಲಿ ಎಲ್ಲೋ ಬಾವೋ ನಂಜೋ ಇರಬಹುದು ಎಂದಷ್ಟೇ ಅರ್ಥ. ಎಲ್ಲಿ, ಏನು ಎಂಬುದು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬಾಯಿಗೆ ತಂದು ಇಬ್ಬರು ಅಣ್ಣತಮ್ಮಂದಿರ ನಡುವೆ ಸಿಕ್ಕಿಕೊಂಡೆ. ಅದಕ್ಕಾಗಿ ಇಂದಿಗೂ ಅಂಗೈಯಲ್ಲಿ ಲಿಂಗ ಹಿಡಿದಾಗ ಕ್ಷಮೆ ಬೇಡುತ್ತೇನೆ.

೧. ನಿಂತ ಅಜ್ಜಿ

ಮೂಡಲಗಿಯ ಅಜ್ಜಿಯೊಬ್ಬರು ಮೊಣಕಾಲು ಬಾತು ಬಂದಿದ್ದರು. "ಇದು ಒಂದು ತಾಸು ನಿಂದರಬೇಕು ಯವ್ವಾ" ಎಂದು ನಳಿಕೆ ತೋರಿಸಿ ಒಳಗೆ ಜಪಕ್ಕೆ ಕುಳಿತೆ. ಮುಗಿಸಿ ಬಂದರೆ ಬೆಂಚು ಖಾಲಿ, ಅಜ್ಜಿ ಗೋಡೆ ಹಿಡಿದು ನಿಂತಿದ್ದಾರೆ.

"ಕುಂದರಬಾರದೇನ್ರಿ?"

"ನನ್ನ ರಕ್ತಾನ ನಿಂತೈತಿ. ಅದನ್ನ ಹೊತ್ತಾಕಿ ನಾ ಹೆಂಗ ಕುಂದರಲಿ?"

ನನಗೆ ಮುಖ ಎತ್ತಲಾಗಲಿಲ್ಲ. ನಾನು ಒಳಗೆ ಕಾಲು ಮಡಚಿ ಶಿವನನ್ನು ನೆನೆಯುತ್ತಿದ್ದಾಗ ಶಿವ ಹೊರಗೆ ಮೊಣಕಾಲು ನೋವಿನಲ್ಲಿ ನಿಂತಿದ್ದ. ಕೈಹಿಡಿದು ಕೂರಿಸಿದೆ. ಅಜ್ಜಿ ನಳಿಕೆ ಕಡೆ ಕೈಮಾಡಿದರು: "ಈಗ ಅದನ್ನೂ ಮಲಗಸ್ರಿ. ಪಾಪ, ದಣದೈತಿ."

೨. ಗಂಡನದಷ್ಟೇ ತಪ್ಪು

ಹುಕ್ಕೇರಿಯ ಕಿರಾಣಿ ವ್ಯಾಪಾರಿ, ಜೊತೆಗೆ ಹೆಂಡತಿ. ಇಬ್ಬರದೂ ಹದಿನೆಂಟು ಬಂತು. ಗಂಡನ ಅಂಕಿಯ ಕೆಳಗೆ ಮಾತ್ರ ಗೆರೆ.

"ಹೆಣ್ಣಮಕ್ಕಳಿಗೆ ಇಪ್ಪತ್ತರತನಕ ನಡೀತೈತ್ರಿ, ಗಂಡಸರಿಗೆ ಹದಿನೈದು" ಎಂದೆ. "ಇಷ್ಟಕ್ಕ ಅಂಜಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ."

"ಒಂದ ಗಡಿಗಿ ಸಾರು ಉಣ್ತೇವಿ. ಆಕಿದು ಸರಿ, ನಂದಷ್ಟ ತಪ್ಪೇನ್ರಿ?"

ಹೆಂಡತಿ ಸೆರಗು ಸರಿಮಾಡಿಕೊಂಡರು. "ಮೂವತ್ತು ವರ್ಷದಿಂದ ನಾನೂ ಅದನ್ನ ಹೇಳಾಕತ್ತೇನಿ. ಕಾಗದದ ಮ್ಯಾಗ ಇವತ್ತ ಬಂತು."

೩. ಎಪ್ಪತ್ತೆರಡು

ಮಸಗುಪ್ಪಿಯ ಕುರಿಗಾರನೊಬ್ಬ ಜ್ವರ ಎಂದು ಬಂದ. ಅಂಕಿ ಎಪ್ಪತ್ತೆರಡು. "ಭಾಳ ಐತಿ ಕಾಕಾ, ದೇವರ ಮ್ಯಾಗ ಭಾರ ಹಾಕ್ರಿ" ಎಂದುಬಿಟ್ಟೆ. ದಿನಕ್ಕೆ ಹತ್ತು ಸಲ ನಾನು ಆಡುವ ಮಾತು. ಆತ ಡಾಕ್ಟರ ಕಡೆ ಹೋಗದೆ ಸೀದಾ ಮನೆಗೆ ಹೋಗಿ, ಕಂಬಳಿ ಹೊದ್ದು, ಸಾಯಲು ಮಲಗಿದ.

ಸುದ್ದಿ ಬೆಲ್ಲದ ಬಾಗೇವಾಡಿಯಲ್ಲಿದ್ದ ತಮ್ಮನಿಗೆ ಮುಟ್ಟಿತು. ತನ್ನನ್ನು ಕೇಳದೆ ಟಗರನ್ನು ಬೀಗರಿಗೆ ಕೊಟ್ಟನೆಂದು ಅಣ್ಣ ಒಂಬತ್ತು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದ. ಓಡಿಬಂದು ಅಣ್ಣನ ಕಾಲು ಹಿಡಿದು ಅತ್ತ. ಮೂರು ದಿನ ಬಾಜೂ ಕೂತು ಗಂಜಿ ಕುಡಿಸಿದ. ನಾಲ್ಕನೆಯ ದಿನ ತಾನೇ ಡಾಕ್ಟರ ಹತ್ತಿರ ಕರೆತಂದ. ನೋಡಿದರೆ ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ಕಿತ್ತು ಗುಳಿಗೆ ಕೊಟ್ಟರು.

ತಿಂಗಳ ಮೇಲೆ ಕುರಿಗಾರ ಮತ್ತೆ ರಕ್ತ ಕೊಟ್ಟ. ಅಂಕಿ ಹತ್ತು. "ಶಿವ ಕಾಪಾಡಿದ" ಎಂದೆ. ಆತನ ಮುಖ ಅರಳಲಿಲ್ಲ.

"'ಒಂದು ಹಲ್ಲಿನ ಸಲುವಾಗಿ ನನ್ನ ಅಷ್ಟ ಅಳಸಿದ್ಯಾ' ಅಂದು ತಮ್ಮ ಎದ್ದು ಹ್ವಾದ. ಮತ್ತ ಮಾತಿಲ್ಲ. ಆ ನಂಬರ ಸ್ವಲ್ಪ ಏರಿಸಿ ಬರಕೊಡ್ರಿ."

"ಸುಳ್ಳು ಬರಿಯಂಗಿಲ್ಲ ಕಾಕಾ."

"ಮೊದಲ ಹೇಳಿದ್ದು ಖರೆ ಇತ್ತೇನ್ರಿ?"

ಹತ್ತು ಎಂದೇ ಬರೆದು ಕಾಗದ ಕೈಗಿಟ್ಟೆ.

ಮುಂದಿನ ವಾರ ತಮ್ಮನೇ ಬಂದ. ಬೇನೆ ಏನೂ ಇಲ್ಲ, ಸುಮ್ಮನೆ ತೋಳು ಚಾಚಿದ. "ಹೆಚ್ಚ ಬಂದ್ರ ಅಣ್ಣಗ ಫೋನ್ ಹಚ್ರಿ. ಕಡಿಮಿ ಬಂದ್ರ ನಾ ಬಂದದ್ದ ಹೇಳಬ್ಯಾಡ್ರಿ."

ಆ ಒಂದು ತಾಸು ನಾನು ಜಪಕ್ಕೆ ಒಳಗೆ ಹೋಗಲಿಲ್ಲ, ನಳಿಕೆಯ ಮುಂದೆಯೇ ಕೈಮುಗಿದು ಕೂತೆ. ಒಬ್ಬರ ಅಂಕಿ ಏರಲೆಂದು ಬೇಡಿಕೊಂಡದ್ದು ಅದೇ ಮೊದಲು. ಬಂದದ್ದು ಎಂಟು. ತಮ್ಮ ತಲೆ ತಗ್ಗಿಸಿ ಹೋದ. ನನ್ನ ನಾಲಿಗೆ ಮತ್ತೆ ತಡೆಯಲಿಲ್ಲ, ಅಣ್ಣನಿಗೆ ಫೋನ್ ಮಾಡಿದೆ.

"ನಿಮ್ಮ ತಮ್ಮ ರಕ್ತ ತೋರಸಾಕ ಬಂದಿದ್ದ ಕಾಕಾ."

ಆ ಕಡೆ ಕುರಿಗಳು ಒದರುವುದು ಕೇಳಿಸಿತು. ಆಮೇಲೆ ಆತನ ದನಿ: "ಏನಾಗೇತ್ರಿ ಅವಗ? ನಾ ಈಗ ಹೊಂಟೆ, ಬಸ್ಸಿಗೆ ಹೊಂಟೆ. ಎಷ್ಟ ಬಂತ್ರಿ?"

ಎದೆಯ ಮೇಲಿನ ಲಿಂಗ ಮುಟ್ಟಿಕೊಂಡೆ. "ಎಂಟು" ಎಂದೆ.

ಆತ ಆ ಕಡೆ ಕುರಿಗಳನ್ನು ಗದರಿಸಿದ.

"ಎಂಟೇನು? ಹಂಗಾದ್ರ ಅವಸರಿಲ್ಲ ಬಿಡ್ರಿ."